ದಂಡನಾಯಕರ ಕೆನ್ನೆಯ ಗಾಯ

ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ನಮ್ಮ ಕೈಗವಸಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಹೆಸ್ಟರ್ ಪಿನಕ್ ಬಾಡಿಗೆಗಿದ್ದಳು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ದಂತದ ಬಿಲ್ಲೆಯ ಮೇಲೆ ಜನರ ಮುಖ ಬರೆಯುವುದು ಅವಳ ಕಸುಬು. ಮದುವೆಯಾಗಿರಲಿಲ್ಲ, ತಂದೆ ಕಲಿಸಿದ ಆ ಕೈಕೆಲಸವೇ ಅವಳ ಹೊಟ್ಟೆ ಹೊರೆಯುತ್ತಿತ್ತು.

ಅಮೆರಿಕದ ಯುದ್ಧ ಸೋತು ದಂಡು ಹಿಂತಿರುಗಿದ ವರ್ಷ ಜನರಲ್ ಥರ್ಲ್‌ಬಿ ಅವಳ ಮೆಟ್ಟಿಲೇರಿ ಬಂದರು. ಅವರ ಹೆಂಡತಿ ಲವೀನಿಯಾಗೆ ಕೈಬಳೆಯಲ್ಲಿ ಕೂರಿಸಲು ಗಂಡನ ಚಿತ್ರ ಬೇಕಾಗಿತ್ತು. ಜನರಲ್ ಕುರ್ಚಿಯಲ್ಲಿ ಕೂತವರೇ ತೂಕಡಿಸಿದರು. ಹೆಸ್ಟರ್ ಕಂಡದ್ದನ್ನೇ ಬರೆದಳು: ಎಡಗೆನ್ನೆಯ ಹಳೆಯ ಕತ್ತಿಗಾಯದ ಗುರುತು, ಜೋತುಬಿದ್ದ ರೆಪ್ಪೆ, ದಣಿದ ಬಾಯಿ.

ಎದ್ದು ನೋಡಿದ ಜನರಲ್ ಕೆಂಡವಾದರು. "ಇದೇನಮ್ಮಾ, ದಂಡು ನಡೆಸಿದವನ ಮುಖಾನಾ ಇದು? ಕುಡಿದು ಮಲಗಿದ ಕಾವಲುಗಾರನ ಹಾಗಿದೆ! ಕಣ್ಣಲ್ಲಿ ಬೆಂಕಿ ಇರಲಿ. ಗಾಯ ಇನ್ನೂ ಎದ್ದು ಕಾಣಲಿ."

ಹೆಸ್ಟರ್ ಒದ್ದೆ ಕುಂಚದಿಂದ ಒರೆಸಿ ಮತ್ತೆ ಬರೆದಳು. ಮಾರನೆಯ ದಿನ ಲವೀನಿಯಾ ಬಂದು ಮುಖ ಸಿಂಡರಿಸಿದಳು. "ಅಯ್ಯೋ, ಟೀ ಕುಡಿಯೋವಾಗ ಕೈ ಎತ್ತಿದರೆ ಈ ಗಾಯ ನೋಡ್ಬೇಕಾ ನಾನು? ತೆಗೆದುಬಿಡಿ. ಹತ್ತು ವರ್ಷ ಚಿಕ್ಕೋರಾಗಿ ಕಾಣ್ಲಿ."

ತೆಗೆದಳು. ಜನರಲ್ ಬಂದು ಗಾಯ ಹಾಕಿಸಿದರು. ಲವೀನಿಯಾ ಬಂದು ಮತ್ತೆ ತೆಗೆಸಿದಳು. ಒರೆಸಿ ಒರೆಸಿ ದಂತ ಒರಟಾಯಿತು, ಬಣ್ಣ ನಿಲ್ಲದಾಯಿತು. ಹೆಸ್ಟರ್ ಕುಂಚವನ್ನು ಮೇಜಿಗೆ ಕುಕ್ಕಿದ ಸದ್ದು ಕೆಳಗೆ ನನಗೂ ಕೇಳಿಸಿತು.

ಕೊನೆಗೆ ಇಬ್ಬರೂ ಒಟ್ಟಿಗೆ ಬಂದ ದಿನ ಅವಳ ತಾಳ್ಮೆ ತಪ್ಪಿತು. "ಗಾಯ ಇದೆಯೋ ಇಲ್ವೋ ಅಂತ ಮೊದ್ಲು ಮನೇಲಿ ತೀರ್ಮಾನ ಮಾಡ್ಕೊಂಡು ಬನ್ನಿ, ಸಾಹೇಬ್ರೇ! ನನಗಿರೋದು ಎರಡೇ ಕೈ." ಲವೀನಿಯಾ ಸೆರಗಿನಂಥ ಶಾಲು ಕೊಡವಿ ಇಳಿದುಹೋದಳು. ಜನರಲ್ ಹಿಂದೆಯೇ ನಡೆದರು.

ಸಿಟ್ಟಿನಲ್ಲೇ ಹೆಸ್ಟರ್ ಆ ಒರಟು ಬಿಲ್ಲೆಯನ್ನೇ ಉಜ್ಜಿ ನುಣುಪು ಮಾಡಿ, ಮೊದಲ ದಿನ ಕಂಡ ಮುಖವನ್ನೇ ನೆನಪಿನಿಂದ ಬರೆದಳು. ಯಾರಿಗೂ ಅಲ್ಲ, ತನಗಾಗಿ.

ವಾರ ಕಳೆದು ಜನರಲ್ ಒಬ್ಬರೇ ಬಂದರು. ಮೇಜಿನ ಮೇಲಿದ್ದ ಆ ಚಿತ್ರವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಸೋತು ಬಂದಾಗ ಹಡಗಿನ ಕನ್ನಡೀಲಿ ಇದೇ ಮುಖ ನೋಡಿದ್ದೆ," ಎಂದು ಮೆಲ್ಲಗೆ ಹೇಳಿ ಅದನ್ನು ಅಂಗಿಯೊಳಗೆ ಸೇರಿಸಿಕೊಂಡರು. "ಇದು ನನಗಿರಲಿ. ಅವಳು ಕೇಳಿದ್ರೆ, ಬಿಲ್ಲೆ ಕೈಜಾರಿ ಒಡೆದುಹೋಯ್ತು ಅನ್ನು."

"ನನ್ನ ಕೈಯಾ, ನಿಮ್ಮ ಕೈಯಾ?"

"ನಿನ್ನದೇ ಅಂತ ಹೇಳಮ್ಮಾ. ಮನೆಗೆ ಹೋಗ್ಬೇಕಾದವನು ನಾನು."

ಹೆಸ್ಟರ್ ಹಾಗೇ ಹೇಳಿದಳು. ಲವೀನಿಯಾಗೆ ಬೇರೆ ಬಿಲ್ಲೆಯಲ್ಲಿ ನುಣುಪು ಕೆನ್ನೆಯ, ಉರಿಗಣ್ಣಿನ, ಯಾರೋ ಒಬ್ಬ ಯುವಕನನ್ನು ಬರೆದುಕೊಟ್ಟಳು. ಅವಳು ಹಿಗ್ಗಿ ಬಳೆಯಲ್ಲಿ ಕೂರಿಸಿಕೊಂಡಳು. ಆದರೂ ಹೋದಲ್ಲೆಲ್ಲ, "ಆ ಪಿನಕ್ ಕೈಗೆ ಮಾತ್ರ ಏನೂ ಕೊಡಬೇಡಿ, ಬೀಳಿಸ್ತಾಳೆ," ಎಂದು ಸಾರಿದಳು. ಆ ಚಳಿಗಾಲವೆಲ್ಲ ನಮ್ಮ ಮೆಟ್ಟಿಲನ್ನು ಗಿರಾಕಿಗಳು ಹತ್ತಲಿಲ್ಲ. ಹೆಸ್ಟರ್ ಕೆಳಗಿಳಿದು ಬಂದು ನನ್ನ ಜೊತೆ ಕೈಗವಸು ಹೊಲಿದಳು.