ಮಾವ ಕಂಪ್ಲೇಂಟ್ ನಂಬರಿಗೇ ಫೋನ್ ಮಾಡಿದ್ದು

ನಮ್ಮ ಮಾವ ಮೂವತ್ನಾಲ್ಕು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಊರಿನ ಅರ್ಧ ಜನ ಮೇಲಕ್ಕೆ ಹೋಗಿದ್ದು ತಮ್ಮ ದಯೆಯಿಂದ ಎಂದು ಹೇಳಿಕೊಳ್ಳುತ್ತಾರೆ. ಉಳಿದರ್ಧ ನಡುವೆ ಸಿಕ್ಕಿಹಾಕಿಕೊಂಡಿದ್ದು ಯಾರ ದಯೆಯಿಂದ ಎಂದು ಅತ್ತೆ ಕೇಳುತ್ತಾರೆ. ಹೋದ ತಿಂಗಳು ಮಾವ ನಿವೃತ್ತರಾದರು. ಕಂಪನಿಯವರು ಒಂದು ಹಾರ ಹಾಕಿ, ಕೈಗೊಂದು ಕಾಗದ ಕೊಟ್ಟು ಕಳಿಸಿದರು. ಹಾರ ಮರುದಿನವೇ ಬಾಡಿತು. ಕಾಗದದಲ್ಲಿದ್ದದ್ದು ಇಷ್ಟು: ಗಂಡ ಹೆಂಡತಿ ಇಬ್ಬರ ಆರೋಗ್ಯ ವಿಮೆ ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದಿನದು ನಿಮ್ಮ ಪಾಡು.

ಅತ್ತೆ ಅವತ್ತೇ ವಿಮೆ ಏಜೆಂಟನಿಗೆ ಹೇಳಿಕಳಿಸಿದರು. ಒಂದು ಆಪರೇಷನ್ನಿನ ಖರ್ಚಿಗೆ ಸ್ವಂತ ಅಕ್ಕನ ಮನೆಯೇ ಕೈಬಿಟ್ಟು ಹೋಗಿದ್ದನ್ನು ಕಣ್ಣಾರೆ ಕಂಡವರು ಅವರು.

ಏಜೆಂಟ್ ಬಂದ. ಮಿರಮಿರ ಮಿಂಚುವ ಹಾಳೆಗಳನ್ನು ಟೀಪಾಯಿ ತುಂಬಾ ಹರಡಿದ. ಪ್ರತಿ ಹಾಳೆಯಲ್ಲೂ ಒಂದು ಬಿಳಿಗೂದಲ ಜೋಡಿ ಹಲ್ಲು ಕಿರಿಯುತ್ತಿತ್ತು.

“ಇವರಿಗೇನಾಗಿದೆ, ಹಿಂಗೆ ನಗ್ತಿದಾರೆ?” ಎಂದರು ಮಾವ.

“ನೆಮ್ಮದಿ ಯಜಮಾನ್ರೇ, ನೆಮ್ಮದಿ,” ಎಂದ ಏಜೆಂಟ್, ಎಲ್ಲಕ್ಕಿಂತ ಅಗ್ಗದ ಪಾಲಿಸಿಯನ್ನು ಮುಂದೆ ತಳ್ಳುತ್ತಾ. “ಇದಕ್ಕೆ ಮೆಡಿಕಲ್ ಟೆಸ್ಟೇ ಇಲ್ಲ. ಕಾಯಿಲೆ ಇದೆಯಾ ಅಂತ ಕೇಳಿರೋ ಕಡೆಯೆಲ್ಲಾ ‘ಇಲ್ಲ’ ಅಂತ ಗುರುತು ಹಾಕಿ, ಸಹಿ ಮಾಡಿ. ಮುಗೀತು.”

ಮಗಳ ಬಾಯಿಗೆ ತುತ್ತಿಡುತ್ತಿದ್ದ ನಾನು ಮಾವನ ಮುಖ ನೋಡಿದೆ. ಟೆಸ್ಟ್ ಇಲ್ಲ ಎಂದದ್ದೇ ತಡ, ಆ ಮುಖ ಅರಳಿಬಿಟ್ಟಿತ್ತು. ಸಹಿಯೂ ಬಿದ್ದೇ ಹೋಗುತ್ತಿತ್ತೇನೋ, ಕಸುಬು ಅಡ್ಡ ಬಂತು. ಮಾವನ ಪ್ರಕಾರ ಲಿಫ್ಟ್ ಕೊಳ್ಳುವ ಮುಂಚೆ ಮಾರುವವನಿಗಲ್ಲ, ರಿಪೇರಿಯವರಿಗೆ ಫೋನ್ ಮಾಡಬೇಕು. “ಮಾರೋನು ಮೊದಲ್ನೇ ರಿಂಗಿಗೇ ಎತ್ತುತಾನೆ ಕಣಮ್ಮಾ. ಒಳಗೆ ಸಿಕ್ಕಾಕ್ಕೊಂಡು ಒದ್ದಾಡ್ವಾಗ ಎತ್ತೋನು ಯಾರು ಅಂತ ನೋಡ್ಬೇಕು.”

ಮರುದಿನ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ, ಲೋಕವೆಲ್ಲ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ, ಮಾವ ಆ ಹಾಳೆಗಳಲ್ಲಿದ್ದ ಕಂಪ್ಲೇಂಟ್ ನಂಬರುಗಳನ್ನು ಮುಂದಿಟ್ಟುಕೊಂಡು, ಫೋನಿನ ಸ್ಪೀಕರ್ ಹಾಕಿ ಕೂತರು. ಮೊದಲ ಕಂಪನಿ ಕಾಯಲು ಹೇಳಿ ಪಿಟೀಲು ಕೇಳಿಸಿತು. ಆ ಪಿಟೀಲಿಗೆ ನನ್ನ ಮಗಳು ಊಟ ಮುಗಿಸಿ, ಒಂದು ಲೋಟ ನೀರು ಚೆಲ್ಲಿ, ಮಲಗಿಯೂ ಬಿಟ್ಟಳು. ಎರಡನೆಯ ಕಂಪನಿಯ ಹುಡುಗ, “ನಿಮಗೇನಾಗಿದೆ ಸರ್?” ಎಂದ.

“ಇನ್ನೂ ಏನೂ ಆಗಿಲ್ಲಪ್ಪಾ. ಆದಾಗ ಎಷ್ಟೊತ್ತಿಗೆ ಬರ್ತೀರಾ?”

“ಆದ್ಮೇಲೆ ಫೋನ್ ಮಾಡಿ ಸರ್,” ಎಂದು ಇಟ್ಟೇಬಿಟ್ಟ.

ಮೂರನೆಯದನ್ನು ಒಬ್ಬ ಹೆಂಗಸು ನಾಲ್ಕನೇ ರಿಂಗಿಗೆ ಎತ್ತಿದಳು. ಬಾಯಲ್ಲಿ ತುತ್ತಿದ್ದದ್ದು ನಮಗೂ ಕೇಳಿಸಿತು. ಆದರೂ ಯಾವ ಆಸ್ಪತ್ರೆ, ಯಾವ ರೂಮು, ಬಿಲ್ಲಿನಲ್ಲಿ ನಮ್ಮ ಪಾಲೆಷ್ಟು ಎಂದು ಗಿಲೀಟಿಲ್ಲದೆ ಹೇಳಿದಳು. ಮಾವ ಕರಗಿ ನೀರಾದರು. ಕೊನೆಗೆ ಅವಳು ಕೇಳಿದಳು: “ದಿನಾ ಮಾತ್ರೆ ಏನಾದ್ರೂ ತಗೋತೀರಾ ಸರ್?”

“ಛೇ ಛೇ. ಒಂದೂ ಇಲ್ಲ.”

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಬಂದರು. “ರೀ, ನಟ್ಟು ಬೋಲ್ಟಿನ ಡಬ್ಬಿಲಿರೋದೇನು, ಪೆಪ್ಪರಮಿಂಟಾ?”

ಆಗ ಹೊರಬಿತ್ತು. ಆರು ವರ್ಷದಿಂದ ಮಾವನಿಗೆ ಬಿ.ಪಿ. ಕಂಪನಿಗೆ ಗೊತ್ತಾದರೆ ಲಿಫ್ಟಿನ ತಳದ ಗುಂಡಿಗೆ ಇಳಿಸದೆ ಮೇಜಿನ ಮುಂದೆ ಕೂರಿಸುತ್ತಾರೆಂದು ಮಾತ್ರೆಗಳನ್ನು ಬೋಲ್ಟುಗಳ ಕೆಳಗೆ ಬಚ್ಚಿಟ್ಟಿದ್ದರು. ಅತ್ತೆಗೆ ಎಂದೋ ಗೊತ್ತಿತ್ತು. ತಾವಾಗಿಯೇ ಹೇಳಲಿ ಎಂದು ಕಾದಿದ್ದರಂತೆ. ಆರು ವರ್ಷ! ನನ್ನ ಗಂಡ ಚಾಕಲೇಟು ಬಚ್ಚಿಟ್ಟರೆ ನಾನು ಆರು ನಿಮಿಷ ಕಾಯುವವಳಲ್ಲ.

“ಹೇಳಿದ್ರೆ ಯಾವನೂ ಪಾಲಿಸಿ ಕೊಡಲ್ಲ ಕಣೇ,” ಎಂದರು ಮಾವ. ಅಷ್ಟು ಸಣ್ಣ ದನಿಯನ್ನು ಅವರಿಂದ ನಾನು ಕೇಳಿರಲಿಲ್ಲ.

ಫೋನು ಇನ್ನೂ ಇಟ್ಟಿರಲಿಲ್ಲ. “ಸರ್, ಕೇಳಿಸ್ತು,” ಎಂದಳು ಆ ಹೆಂಗಸು. “ಈಗ್ಲೇ ಹೇಳಿದ್ರೆ ಕಂತು ಸ್ವಲ್ಪ ಜಾಸ್ತಿಯಾಗತ್ತೆ. ಬಿ.ಪಿ.ಯಿಂದ ಬರೋ ಕಾಯಿಲೆಗೆ ದುಡ್ಡು ಸಿಗೋಕೆ ಎರಡು ವರ್ಷ ಕಾಯ್ಬೇಕು. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ರೆ ಮಾತ್ರ ನಾವು ಒಂದು ಬಿಡಿಗಾಸೂ ಕೊಡಲ್ಲ. ಟೆಸ್ಟಿಗೆ ಬನ್ನಿ, ಒಪ್ತಾರೋ ಇಲ್ವೋ ಆಮೇಲೆ ನೋಡೋಣ.”

“ಮಾವ,” ಎಂದೆ ನಾನು, “ಬ್ರೇಕ್ ಸವೆದಿರೋ ಲಿಫ್ಟಿಗೆ ‘ಸರಿಯಿದೆ’ ಅಂತ ಎಂದಾದ್ರೂ ಬರ್ದಿದೀರಾ?”

ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಫೋನಿನತ್ತ ಬಗ್ಗಿ, “ಬರ್ಕೊಳಮ್ಮಾ,” ಎಂದು ಶುರುಮಾಡಿದವರು ನಿಲ್ಲಲೇ ಇಲ್ಲ. ಬಿ.ಪಿ., ಬಲ ಮಂಡಿ, ಮೋಟಾರಿನ ಸದ್ದಿಗೆ ಮಂದವಾದ ಎಡಗಿವಿ.

“ಓಹೋ!” ಎಂದರು ಅತ್ತೆ. “ಇಷ್ಟು ವರ್ಷ ನಾನು ಕೂಗಿದ್ದೆಲ್ಲಾ ಎಡಗಡೆಯಿಂದಾನಾ?”

“ಇಲ್ಲ. ಬಲಗಡೆಯಿಂದ ಕೂಗ್ದಾಗ್ಲೂ ಕೇಳಿಸ್ಕೊಳ್ತಿರ್ಲಿಲ್ಲ.”

ಟೆಸ್ಟಿನ ದಿನ ಮಾವ ಇಸ್ತ್ರಿ ಅಂಗಿ ಹಾಕಿಕೊಂಡು, ಗಲ್ಲಿಗೆ ಹೋಗುವವರ ಹಾಗೆ ಆಟೋ ಹತ್ತಿದರು. ನಾಲ್ಕು ದಿನ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಐದನೆಯ ದಿನ, ಹಳೆಯ ವಿಮೆ ಮುಗಿಯಲು ಇನ್ನೆರಡೇ ದಿನವಿದ್ದಾಗ, ಒಪ್ಪಿಗೆ ಬಂತು. ಷರತ್ತು ಅದೇ: ಬಿ.ಪಿ.ಗೆ ಸಂಬಂಧಪಟ್ಟಿದ್ದಕ್ಕೆ ಎರಡು ವರ್ಷ ಕಾಯಬೇಕು.

ಅತ್ತೆ ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಗಂಡನ ಬಲಗಡೆಗೆ ಹೋಗಿ ಕೂತರು.

“ಕೇಳಿಸ್ಕೊಳ್ಳಿ. ಎರಡು ವರ್ಷ ನೀವು ಸಾಯೋ ಹಾಗಿಲ್ಲ. ಉಪ್ಪು ಬಂದ್, ಬೆಳಿಗ್ಗೆ ವಾಕಿಂಗು. ಆಮೇಲೆ ನಿಮ್ಮಿಷ್ಟ.”

“ಆಮೇಲೂ ಅಂಥಾ ಇಷ್ಟ ಏನಿಲ್ಲ ಕಣೇ,” ಎಂದರು ಮಾವ.