ಎರಡು ಮಂದೆಗೆ ಒಂದೇ ಕಿವಿ

ಬೆಳಗಿನ ಆರು ಗಂಟೆ. ಮಧುಗಿರಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿಯ ಷಟರ್ ಇನ್ನೂ ಎದ್ದಿಲ್ಲ. ಅದರ ಪಕ್ಕದ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಸಿಮೆಂಟ್ ಶೀಟಿನ ಒಂದು ಕೋಣೆ, ಬಾಗಿಲ ಹೊರಗೆ ಒಂದೇ ಒಂದು ಜೊತೆ ಚಪ್ಪಲಿ. ಒಳಗೆ ಯಶೋದ ಎಡಗೈಯಲ್ಲಿ ಟೀ ಲೋಟ ಹಿಡಿದುಕೊಂಡು, ಬಲಗೈಯ ಪೆನ್ನಿನಿಂದ ಪರದೆಯ ಮೇಲೆ ಕಾಗೆಯೊಂದರ ರೆಕ್ಕೆ ಬಿಚ್ಚಿಸುತ್ತಿದ್ದಾರೆ.

ಒಂದೇ ಕಾಗೆ ಪರದೆಯ ಮೇಲೆ ಮೂರು ಸಲ ಕಾಣುತ್ತದೆ. ರೆಕ್ಕೆ ಮಡಿಚಿರುವುದು ನಸುಗೆಂಪು ಗೆರೆಯಲ್ಲಿ, ಪೂರ್ತಿ ಬಿಚ್ಚಿರುವುದು ತಿಳಿಹಸಿರು ಗೆರೆಯಲ್ಲಿ. ಎರಡರ ನಡುವೆ ಈಗಷ್ಟೇ ಮೂಡುತ್ತಿರುವ ಕಪ್ಪು ಗೆರೆ ಯಶೋದ ಅವರದು.

"ಆ ಕಡೇದೂ ಈ ಕಡೇದೂ ಚೇತನ್ ಸಾರು ಬರ್ದಿರೋದು. ನಡುವಿಂದೆಲ್ಲ ನಂದು" ಎನ್ನುತ್ತಾರೆ, ಕಣ್ಣು ತೆಗೆಯದೆ.

ಚೇತನ್ ಕುಮಾರ್ ಈ ಪುಟ್ಟ ಅನಿಮೇಷನ್ ಸ್ಟುಡಿಯೊದ ಮಾಲೀಕರು. ಕಾರ್ಟೂನ್ ಚಿತ್ರದ ಒಂದು ಸೆಕೆಂಡಿಗೆ ಇಲ್ಲಿ ಹನ್ನೆರಡು ಚಿತ್ರ ಬರೆಯುತ್ತಾರೆ. ಮುಖ್ಯವಾದ ಮೂರು ಚೇತನ್ ಬರೆದರೆ, ಅವನ್ನು ಜೋಡಿಸುವ ಒಂಬತ್ತು ಯಶೋದ ಅವರ ಪಾಲು. ಕೈ ಎತ್ತುವ ಮುಂಚೆ ಮನುಷ್ಯ ಹೇಗಿರುತ್ತಾನೆ, ಎತ್ತಿದ ಮೇಲೆ ಹೇಗಿರುತ್ತಾನೆ ಎಂದು ಚೇತನ್ ಬರೆದಿಡುತ್ತಾರೆ. ಕೈ ಏಳುವುದು ಯಶೋದ ಅವರಿಂದ. ಚೆನ್ನಾಗಿ ಬರೆದರೆ ನಡುವಿನ ಚಿತ್ರ ಯಾರಿಗೂ ಕಾಣುವುದಿಲ್ಲ, ಕೆಟ್ಟರೆ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಇಂಥ ಕೆಲಸ ನನಗಂತೂ ಬೇಡಪ್ಪ ಎಂದುಕೊಂಡೆ.

ದಿನಕ್ಕೆ ಅರವತ್ತು ಚಿತ್ರ. ಆರಕ್ಕೆ ಬಂದು ಕೂತು ಮಧ್ಯಾಹ್ನ ಮೂರಕ್ಕೆ ಎದ್ದರೆ ಏಳು ಸೆಕೆಂಡು ತುಂಬದಷ್ಟು ಸಿನಿಮಾ ಆಗುತ್ತದೆ. ನಾನು ನೆಮ್ಮದಿಯಾಗಿ ಒಂದು ಸಲ ಆಕಳಿಸಿ ಮುಗಿಸಲು ಅಷ್ಟು ಹೊತ್ತು ಬೇಕು. ಇಷ್ಟು ಬೇಗ ಯಾಕೆ ಬರುತ್ತೀರಿ ಎಂದು ಕೇಳಿದರೆ ಯಶೋದ ಪೆನ್ನಿನ ತುದಿಯಿಂದ ಮೇಲಿನ ಶೀಟು ತೋರಿಸುತ್ತಾರೆ. "ಮಧ್ಯಾಹ್ನ ಆದ್ರೆ ಹೆಂಚಿನ್ ಮೇಲಿನ್ ರೊಟ್ಟಿ ಆಗೋಯ್ತೀವಿ. ನಾವಾದ್ರೂ ತಡ್ಕೋತೀವಿ, ಕಂಪ್ಯೂಟ್ರು ತಡ್ಯಲ್ಲ."

ಯಶೋದ ಅವರಿಗೆ ಈಗ ಮೂವತ್ತೇಳು. ಹುಟ್ಟಿದ್ದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಆಚೆಗಿನ ಒಂದು ಹಟ್ಟಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಮಧುಗಿರಿ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದರು. ಗಂಡ ರೇಣುಕಯ್ಯ ಪಾವಗಡದ ವಳ್ಳೂರಿನ ಕಡೆ ಸೋಲಾರ್ ಪ್ಲೇಟ್ ತೊಳೆಯುವ ಕೆಲಸಕ್ಕಿದ್ದಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಯಶೋದ ಏಳು ವರ್ಷ ಇದೇ ಕಟ್ಟಡದ ಕೆಳಗಿನ ಟೈಲರ್ ಅಂಗಡಿಯಲ್ಲಿದ್ದರು. ಬ್ಲೌಸಿನ ಬೆನ್ನಿಗೆ ಕಸೂತಿ ಹಾಕುವ ಮುಂಚೆ ಬಟ್ಟೆಯ ಮೇಲೆ ನವಿಲು, ಬಳ್ಳಿ, ಮಾವಿನಕಾಯಿ ಬರೆದುಕೊಡುವುದು ಅವರ ಕೆಲಸ.

ನಾಲ್ಕು ವರ್ಷದ ಹಿಂದೆ ಚೇತನ್ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಕೆಳಗಿಳಿದು ಬಂದಾಗ ಯಶೋದ ಒಂದು ನವಿಲು ಬರೆಯುತ್ತಿದ್ದರು. "ಅಕ್ಕಾ, ಇದೇ ನವಿಲಿನ ತಲೆ ಒಂಚೂರು ತಿರುಗಿಸಿ ಕಾಗದದ ಮೇಲೆ ಬರೀತೀರಾ?" ಎಂದು ಚೇತನ್ ಕೇಳಿದರು. ಬರೆದರು. ಇನ್ನೊಂಚೂರು ಎಂದರು. ಅದನ್ನೂ ಬರೆದರು. ಹೀಗೆ ಐದು ನವಿಲಾದ ಮೇಲೆ ಚೇತನ್ ಕಾಗದಗಳನ್ನು ಜೋಡಿಸಿ ಹೆಬ್ಬೆರಳಲ್ಲಿ ಸರಸರನೆ ಬಿಟ್ಟರು.

"ಅಯ್ಯೋ, ಅದು ತಿರುಗಿ ನನ್ನೇ ನೋಡ್ಬುಡ್ತು ಸಾರ್!" ಆ ಬೆರಗು ಇವತ್ತಿಗೂ ಅವರ ದನಿಯಲ್ಲಿದೆ.

ಮೇಲಿನ ಕೋಣೆಗೆ ಬಂದಮೇಲೆ ಮೊದಲ ಮೂರು ತಿಂಗಳು ಅಳುವುದೊಂದು ಬಾಕಿ. ಬಟ್ಟೆಯ ಮೇಲೆ ನೆಟ್ಟಗೆ ಹೋಗುತ್ತಿದ್ದ ಗೆರೆ ಗಾಜಿನ ಮೇಲೆ ಜಾರುತ್ತಿತ್ತು. "ನಾನ್ ಬರ್ದ್ ಪ್ರಾಣಿಗೆಲ್ಲ ಚಳಿಜ್ವರ ಬಂದಂಗೆ ಕಾಣೋದು" ಎಂದು ನಗುತ್ತಾರೆ. ಹೆಬ್ಬೆರಳ ಬುಡ ಊದಿಕೊಂಡು, ಬೆಳಿಗ್ಗೆ ಎದ್ದು ಬಿಸಿನೀರಿನ ಬಟ್ಟೆ ಸುತ್ತಿಕೊಂಡೇ ಬಸ್ ಹತ್ತುತ್ತಿದ್ದರು. ಊರಿನವರ ಬಾಯಿಗೂ ಕೆಲಸ ಸಿಕ್ಕಿತ್ತು. ಬೊಂಬೆ ಬರೆಯುವುದಕ್ಕೆ ಬಸ್ಸಲ್ಲಿ ಹೋಗುತ್ತಾಳಂತೆ ಎಂದು ಆಡಿಕೊಂಡವರು ಈಗ ಮೊಬೈಲಿನಲ್ಲಿ ತಮ್ಮ ಮಕ್ಕಳಿಗೆ ಅದೇ ಬೊಂಬೆ ತೋರಿಸಿ ಊಟ ಮಾಡಿಸುತ್ತಿದ್ದಾರೆ.

ಈಗ ಕುರಿಯ ವಿಷಯಕ್ಕೆ ಬರುತ್ತೇನೆ. ನಾನು ಮಧುಗಿರಿಗೆ ಹೋಗಿದ್ದೇ ಅದಕ್ಕಾಗಿ.

ಈ ವರ್ಷ ಬೇಸಿಗೆಯ ಕೊನೆಗೆ ಮಕ್ಕಳ ಸಂಸ್ಥೆಯೊಂದು ಎಂಟು ನಿಮಿಷದ ಒಂದು ಚಿತ್ರ ಕೇಳಿತು. ಹೇಳಿದ ದಿನಕ್ಕೆ ಚೆನ್ನಾಗಿ ಮಾಡಿಕೊಟ್ಟರೆ ಇನ್ನು ಹನ್ನೊಂದು ಚಿತ್ರ ನಿಮಗೇ, ಇಲ್ಲವಾದರೆ ಬೇರೆಯವರಿಗೆ ಎಂದು ಮೊದಲೇ ಖಡಾಖಂಡಿತವಾಗಿ ತಿಳಿಸಿತ್ತು. ಸ್ಟುಡಿಯೊಗೆ ಬೇರೆ ಕೆಲಸವಿರಲಿಲ್ಲ. ಇದು ಕೈತಪ್ಪಿದರೆ ಬಾಗಿಲು ಹಾಕುವುದೇ ಎಂದು ಚೇತನ್ ತಮ್ಮ ಐದು ಜನಕ್ಕೂ ಹೇಳಿಯಾಗಿತ್ತು.

ಕತೆ ಸರಳ. ಬಿಳಿ ಕುರಿಗಳ ಮಂದೆಯಲ್ಲಿ ಒಂದೇ ಒಂದು ಕರಿ ಮರಿ. ಅದು ದಾರಿ ತಪ್ಪಿ, ಯಾರೋ ಅಜ್ಜನ ಕರಿ ಕುರಿಗಳ ಮಂದೆಯೊಳಗೆ ಸೇರಿಕೊಳ್ಳುತ್ತದೆ. ಅಜ್ಜ ಸಂಜೆ ಮಂದೆ ನೋಡಿ, ಕಿವಿಯ ಗುರುತಿನಿಂದ ಇದು ತನ್ನದಲ್ಲ ಎಂದು ಕಂಡುಹಿಡಿದು, ಮರಿಯನ್ನು ಹೆಗಲ ಮೇಲೆ ಹೊತ್ತು ಮೂರು ಊರು ದಾಟಿ ಒಡೆಯರಿಗೆ ಒಪ್ಪಿಸುತ್ತಾನೆ.

ಕುರಿಯ ಕಿವಿಗೆ ಗುರುತಿರುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಕುರಿ ಸಾಕುವ ಒಂದೊಂದು ಮನೆಗೂ ಒಂದೊಂದು ಗುರುತು. ಮರಿ ಎಳೆಯದಾಗಿದ್ದಾಗಲೇ ಕಿವಿಯ ತುದಿಯನ್ನೋ ಅಂಚನ್ನೋ ತಮ್ಮ ಮನೆಯ ರೀತಿಯಲ್ಲಿ ಕತ್ತರಿಸುತ್ತಾರೆ. ಯಶೋದ ಅವರ ತವರಿನ ಗುರುತು ಎಡಗಿವಿಯ ತುದಿಯಲ್ಲೊಂದು ಸೀಳು. ಅವ್ವ ಕರಿಯಕ್ಕ ಕತ್ತರಿಸುವಾಗ ಮರಿಯನ್ನು ತೊಡೆಯ ಮೇಲೆ ಅದುಮಿ ಹಿಡಿದುಕೊಳ್ಳುತ್ತಿದ್ದವರು ಚಿಕ್ಕ ಹುಡುಗಿ ಯಶೋದ.

ಚೇತನ್ ಅವರಿಗೆ ಕುರಿ ಅಷ್ಟಾಗಿ ಗೊತ್ತಿಲ್ಲ. ಅದಕ್ಕೇ ಎರಡೂ ಮಂದೆಯ ಕುರಿ ಹೇಗಿರಬೇಕು ಎಂಬ ಮಾದರಿ ಚಿತ್ರವನ್ನು ಯಶೋದ ಅವರಿಂದಲೇ ಬರೆಸಿದರು. ಬಿಳಿ ಮಂದೆಗೆ ಯಶೋದ ತವರಿನ ಗುರುತು ಹಾಕಿದರು. ಅಜ್ಜನ ಕರಿ ಕುರಿಗೆ ಕೊಂಬು ಬೇರೆ, ಮೂತಿ ಬೇರೆ, ನಡಿಗೆ ಬೇರೆ ಮಾಡಿದರು. ಕಿವಿ ಮಾತ್ರ ಹಳೇ ಅಭ್ಯಾಸದಿಂದ ಕೈ ತಾನೇ ಬರೆದುಬಿಟ್ಟಿತು. ಮಾದರಿಯನ್ನು ಎಲ್ಲರೂ ನೋಡಿದರು, ಎಲ್ಲರೂ ಒಪ್ಪಿದರು. ಅಜ್ಜನ ಮಂದೆ ಬರುವ ನಾನೂರ ಹನ್ನೆರಡು ಚಿತ್ರ ಬರೆದದ್ದೂ ಆಯಿತು, ಹರ್ಷಿತಾ ಎಂಬ ಹುಡುಗಿ ಅವಕ್ಕೆ ಬಣ್ಣ ತುಂಬಿದ್ದೂ ಆಯಿತು.

ಕೊಡಬೇಕಾದ ದಿನಕ್ಕೆ ಇನ್ನು ಆರು ದಿನ ಇರುವಾಗ ಕರಿಯಕ್ಕ ಸ್ಟುಡಿಯೊಗೆ ಬಂದರು. ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಹೊಸ ಕಣ್ಣಿಗೆ ಏನಾದರೂ ತೋರಿಸೋಣ ಎಂದು ಯಶೋದ ಕರೆತಂದು ಕೂರಿಸಿ ಸಿನಿಮಾ ಹಾಕಿದರು. ಕರಿಯಕ್ಕ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ನೋಡಿದರು. ಅಜ್ಜನ ಮಂದೆ ಬಂದದ್ದೇ ತಡ, ಎದ್ದು ನಿಂತರು.

"ಲೇ ಯಸೋದಾ, ಇವ್ನ್ಯಾರೇ ಕಳ್ಳ? ಇವ್ನತ್ರ ಇರೋವೆಲ್ಲಾ ನಮ್ ಕುರೀನೇ ಕಣಮ್ಮ!"

ಚೇತನ್ ಸೇರಿ ಕೋಣೆಯಲ್ಲಿದ್ದ ಐದು ಜನ ಮೊದಲು ನಕ್ಕರಂತೆ. ನಗದೆ ಇದ್ದವರು ಯಶೋದ ಒಬ್ಬರೇ.

"ಎಲ್ಲಾ ಕುರೀದೂ ಒಂದೇ ಕಿವಿ ಆದ್ರೆ ಅಜ್ಜ ಮರೀನ ಹೆಂಗ್ ಗುರ್ತಿಡೀತಾನೆ? ಕತೇನೇ ನಿಲ್ಲಲ್ಲ."

ಚೇತನ್ ಆ ದಿನ ಹೇಳಿದ್ದನ್ನು ಮುಚ್ಚಿಡದೆ ನನಗೂ ಹೇಳಿದರು. "ಅಕ್ಕಾ, ಕಿವಿ ಯಾರ್ ನೋಡ್ತಾರೆ, ಬಿಟ್ಬಿಡಿ ಅಂದೆ. ಆರು ದಿನದಲ್ಲಿ ಆಗೋ ಕೆಲಸ ಅಲ್ಲ ಅದು. ಕೊಡೋದು ತಡವಾದ್ರೆ ಆರೂ ಜನ ಬೀದಿಗೆ ಬರ್ತೀವಿ. ನನಗೆ ಆ ಭಯ." ಅವರ ಭಯವೂ ನ್ಯಾಯವೇ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಯಶೋದ ಕೊಟ್ಟ ಉತ್ತರ ಒಂದೇ. "ಅಷ್ಟ್ ಒಳ್ಳೇ ಮನುಷ್ಯನ್ನ ಕಳ್ಳನ್ ಮಾಡಿ ಕಳ್ಸಕಾಯ್ತದಾ ಸಾರ್?"

ಚೇತನ್ ತಮ್ಮ ಕುರ್ಚಿಯನ್ನು ಯಶೋದ ಅವರ ಪಕ್ಕಕ್ಕೆ ಎಳೆದುಕೊಂಡರು.

ಹಾಗಾದರೆ ಅಜ್ಜನ ಕುರಿಗೆ ಬೇರೆ ಗುರುತು ಬರೆದರಾಯಿತಲ್ಲ ಎಂದು ನೀವು ಅನ್ನಬಹುದು. ನಾನೂ ಹಾಗೇ ಅಂದೆ. ಯಶೋದ ನನ್ನನ್ನು ಏನೂ ತಿಳಿಯದ ಮಗುವನ್ನು ನೋಡುವ ಹಾಗೆ ನೋಡಿದರು. ಮನಸ್ಸಿಗೆ ಬಂದಂತೆ ಕತ್ತರಿಸಿ ಬರೆದರೆ ಅದು ಯಾವುದೋ ಮನೆಯ ಗುರುತೇ ಆಗಿರಬಹುದು. ಅವರನ್ನು ಕೇಳದೆ ಬರೆಯುವುದು ಸರಿಯಲ್ಲ. ಕರಿಯಕ್ಕ ಅಲ್ಲೇ ಬೆಂಚಿನ ಮೇಲೆ ಕೂತು ಹತ್ತಾರು ಮನೆಗಳ ಗುರುತುಗಳನ್ನು ನೆನಪಿನಿಂದ ಹೇಳುತ್ತಾ ಹೋದರು. ಇದು ಬೇಡ, ಅವರ ಮಗ ಕುರಿ ಕಾಯುತ್ತಿದ್ದಾನೆ. ಅದೂ ಬೇಡ, ಅವರು ಮುಂಗೋಪಿಗಳು. ಕೊನೆಗೆ ಚಿಕ್ಕನರಸಯ್ಯನವರ ಹೆಸರು ಬಂತು. ಮಂಡಿನೋವಿಗೆ ಎಂಟು ವರ್ಷದ ಹಿಂದೆ ಕುರಿಗಳನ್ನೆಲ್ಲ ಮಾರಿ, ಈಗ ಹಟ್ಟಿಯ ಬಸ್ ಸ್ಟಾಪಿನಲ್ಲಿ ಬೀಡಾ ಅಂಗಡಿ ಇಟ್ಟುಕೊಂಡವರು. ಆ ಗುರುತು ಈಗ ಯಾವ ಕುರಿಯ ಕಿವಿಯಲ್ಲೂ ಇಲ್ಲ.

ಯಶೋದ ಫೋನ್ ಮಾಡಿ ಕೇಳಿದರು. ಚಿಕ್ಕನರಸಯ್ಯನವರು, "ಬರ್ಕೊಳವ್ವ, ಅದ್ಕೇನಂತೆ. ಆದ್ರೆ ಬಲಗಿವಿ ಕೆಳಗಡೆ ಅಂಚ್ಗೆ ಕಚ್ಚು, ಮೇಲ್ಗಡೆ ಅಲ್ಲ. ನೋಡ್ಕೊಂಡ್ ಬರಿ" ಎಂದರು.

ನಾನೂರ ಹನ್ನೆರಡು ಚಿತ್ರ, ಒಂದೊಂದರಲ್ಲೂ ಒಂಬತ್ತು ಕುರಿ. ಎಡಗಿವಿಯ ಸೀಳು ಅಳಿಸಬೇಕು, ಬಲಗಿವಿಗೆ ಕಚ್ಚು ಹಾಕಬೇಕು, ಮತ್ತೆ ಬಣ್ಣ ತುಂಬಬೇಕು. ಅಳಿಸುವುದಕ್ಕೆ ಮಾಲೀಕರೇ ಕೂತರು, ಬರೆಯುವುದಕ್ಕೆ ಯಶೋದ, ಹಿಂದೆಯೇ ಬಣ್ಣಕ್ಕೆ ಹರ್ಷಿತಾ. ಕರಿಯಕ್ಕ ದಿನವೂ ಮಗಳ ಜೊತೆ ಮೊದಲ ಬಸ್ಸಿಗೆ ಬಂದು, ಮುಗಿದ ಚಿತ್ರಗಳನ್ನು ಒಂದೊಂದಾಗಿ ನೋಡಿ ತಲೆಯಾಡಿಸುತ್ತಿದ್ದರು. ಹದಿನೇಳು ಕಡೆ ತಪ್ಪು ಹಿಡಿದರಂತೆ. ಅವರ ಕಣ್ಣಿನ ಡಾಕ್ಟರಿಗೆ ಇದು ಗೊತ್ತಾದರೆ ಏನು ಹೇಳುತ್ತಾರೋ ಕಾಣೆ.

ಆರನೆಯ ದಿನ ಶನಿವಾರ, ಮಧ್ಯಾಹ್ನ ಎರಡೂ ನಲವತ್ತಕ್ಕೆ ಸಂಸ್ಥೆಗೆ ಚಿತ್ರ ಹೋಯಿತು. ಮುಂದಿನ ಮಂಗಳವಾರ ಉತ್ತರ ಬಂತು. ಹನ್ನೊಂದು ಚಿತ್ರಗಳೂ ಮಧುಗಿರಿಗೇ.

"ಚೇತನ್ ಸಾರು ಮೆಸೇಜ್ ಓದಿ ಹೇಳ್ದಾಗ ನಾನು ಟೀ ಕುಡೀತಿದ್ದೆ. ಉಸ್ಸಪ್ಪಾ ಅಂತ ಕೂತ್ಬುಟ್ಟೆ. ಲೋಟದ್ ಟೀ ಆರೋಯ್ತು, ಅಂಗೇ ಕೂತಿದ್ದೆ. ಅಷ್ಟ್ ಹಗುರ ಯಾವತ್ತೂ ಆಗಿರ್ಲಿಲ್ಲ ಸಾರ್" ಎನ್ನುವಾಗಲೂ ಅವರ ಭುಜ ಸಡಿಲಾಗುವುದು ಕಾಣುತ್ತದೆ.

ಕಳೆದ ತಿಂಗಳು ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯ ಶಾಲೆಯೊಂದರಲ್ಲಿ ಚಿತ್ರ ತೋರಿಸಿದಾಗ ನಾನೂ ಹೋಗಿದ್ದೆ. ಅಜ್ಜ ಪರದೆಯ ಮೇಲೆ ಮಂದೆಯ ನಡುವೆ ನಿಂತು ಅತ್ತ ಇತ್ತ ನೋಡುತ್ತಿದ್ದಾನೆ. ಅವನಿಗಿಂತ ಮೊದಲು ಮುಂದಿನ ಸಾಲಿನ ಒಂದು ಹುಡುಗಿ ಕಿರುಚಿದಳು. "ಕಿವಿ ನೋಡು ತಾತಾ, ಕಿವಿ! ಅದು ನಿಂದಲ್ಲ!" ಆಮೇಲೆ ಇಡೀ ಕೊಠಡಿ ಕಿವಿ ಕಿವಿ ಎಂದು ಕೂಗಿತು. ಚೇತನ್ ನನ್ನ ಪಕ್ಕದಲ್ಲಿ ಕೂತಿದ್ದರು, ಕನ್ನಡಕ ತೆಗೆದು ಒರೆಸಿಕೊಂಡರು. ಯಶೋದ ಬಂದಿರಲಿಲ್ಲ. ಅವತ್ತು ಅರವತ್ತು ಚಿತ್ರ ಬಾಕಿಯಿತ್ತು.

ಚಿಕ್ಕನರಸಯ್ಯನವರು ಅಂಗಡಿಯಲ್ಲೇ ಮೊಬೈಲಿನಲ್ಲಿ ಚಿತ್ರ ನೋಡಿ ಯಶೋದ ಅವರಿಗೆ ಫೋನ್ ಮಾಡಿದ್ದರಂತೆ. "ಒಂಬತ್ತೂ ಚೆನ್ನಾಗವೆ ಕಣವ್ವ, ಮೈ ಕೈ ತುಂಬ್ಕೊಂಡವೆ" ಎಂದಷ್ಟೇ ಹೇಳಿ ಇಟ್ಟರಂತೆ.

ಈಗ ಎರಡನೆಯ ಚಿತ್ರ ನಡೆಯುತ್ತಿದೆ, ಕಾಗೆಯದು. "ಕಾಗೆಗೆ ಕಿವಿ ಕಾಣಲ್ಲ. ಬಚಾವಾದೆ" ಎನ್ನುತ್ತಾ ಯಶೋದ ಇನ್ನೊಂದು ರೆಕ್ಕೆಗೆ ಕೈ ಹಾಕುತ್ತಾರೆ.

ಹೊರಡುವ ಮುಂಚೆ ಒಂದು ಮಾತು ಕೇಳಿದೆ. ಚಿತ್ರದ ಕೊನೆಗೆ ನಿಮ್ಮ ಹೆಸರು ಬರುವುದು ಬರೀ ಒಂದೂವರೆ ಸೆಕೆಂಡು, ಅದೂ ಸಣ್ಣ ಅಕ್ಷರದಲ್ಲಿ. ಇನ್ನೊಂಚೂರು ಹೊತ್ತು ಇರಲಿ, ದೊಡ್ಡದಾಗಿರಲಿ ಅನಿಸುವುದಿಲ್ಲವೆ?

ಯಶೋದ ಪೆನ್ನು ಕೆಳಗಿಟ್ಟು, ಹೆಬ್ಬೆರಳ ಬುಡ ಒತ್ತಿಕೊಂಡರು.

"ಹೆಸರ್ಗೇನ್ ಸಾರ್, ಓದೋಕ್ ಮುಂಚೆ ಎಲ್ರೂ ಎದ್ದೋಯ್ತಾರೆ. ಆ ಬಿಳಿ ಕುರಿ ಎಡಗಿವಿ ನೋಡ್ಲಿ. ಯಾರ್ ಮನೇವು ಅಂತ ನಮ್ ಕಡೆಯವ್ರಿಗೆ ಗೊತ್ತಾಯ್ತದೆ."