ಹಗ್ಗದ ಕೊನೆಯಲ್ಲಿ ಒಡೆದ ಕಾಯಿ

ತೆಂಗಿನಕಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆ ಕೇಳಿದವರೆಲ್ಲ ನಾನು ದೇವರ ವಿಷಯದಲ್ಲಿ ಕ್ಯಾತೆ ತೆಗೆಯುತ್ತಿದ್ದೇನೆ ಎಂದೇ ತಿಳಿಯುತ್ತಾರೆ. ದೇವರಿಗೂ ನನಗೂ ಜಗಳವಿಲ್ಲ. ನನ್ನ ಜಗಳ ಮನುಷ್ಯರ ಜೊತೆ.

ಈ ಪರದೇಶದಲ್ಲಿ, ರಿಚ್ಮಂಡ್ ಹಿಲ್ಲಿನ ನಮ್ಮ ಮನೆಯ ಹತ್ತಿರ ಫೆಬ್ರವರಿಯಲ್ಲಿ ಚಳಿಗಾಲದ ಹಬ್ಬ ನಡೆಯುತ್ತದೆ. ಕೆರೆ ಹೆಪ್ಪುಗಟ್ಟಿದ್ದರೆ ಅದರ ಮೇಲೆ ಸ್ಕೇಟಿಂಗ್. ದಂಡೆಯಲ್ಲಿ ಹಿಮದ ಮೇಲೆ ಮೇಪಲ್ ಮರದ ರಸದ ಬಿಸಿ ಪಾಕ ಸುರಿದು, ಕಡ್ಡಿಗೆ ಸುತ್ತಿ ಮಕ್ಕಳಿಗೆ ಕೊಡುತ್ತಾರೆ. ಮಧ್ಯಾಹ್ನ ಹಗ್ಗಜಗ್ಗಾಟ. ಯಾವ ಸಂಘದವರು ಬೇಕಾದರೂ ತಂಡ ಕಟ್ಟಿಕೊಂಡು ಬರಬಹುದು. 2017ರಲ್ಲಿ ನಮ್ಮ ತುಳು ಮನೆಗಳ ಸಂಘದಿಂದ ಹೆಂಗಸರ ಒಂದು ತಂಡ ಹೋಗಲಿ ಎಂದು ಮೊದಲು ಬಾಯಿಬಿಟ್ಟವಳು ನಾನೇ.

ಊರಿನಲ್ಲಿ ಕೆಸರುಗದ್ದೆಯಲ್ಲಿ ಮೊಣಕಾಲು ಹೂತುಕೊಂಡು ಹಗ್ಗ ಎಳೆದವರು ನಾವು. ಕಾಲೇಜಿನ ತಂಡದಲ್ಲಿ ನಾನು ಕೊನೆಯವಳು. ಹಗ್ಗವನ್ನು ಬೆನ್ನಿಗೆ ಬಳಸಿ, ಹೆಗಲ ಮೇಲಿಂದ ತಂದು, ಕಂಬದ ಹಾಗೆ ನಿಲ್ಲುವ ಜಾಗ ಅದು. ಮುಂದಿನವರು ಯಾರು ಜಾರಿದರೂ ಸುಧಾರಿಸಬಹುದು, ಕೊನೆಯವಳು ಜಾರಿದರೆ ಕತೆ ಮುಗಿಯಿತು.

ಸಂಘದ ಅಧ್ಯಕ್ಷರಿಗೆ ಇದು ರುಚಿಸಲಿಲ್ಲ. "ಅಲ್ಲ ಮಾರಾಯ್ರೇ, ಹೆಂಗಸರು ಗೋಳಿಬಜೆ ಸ್ಟಾಲ್ ನೋಡಿಕೊಂಡ್ರೆ ಸಾಕಲ್ವಾ? ಆ ಸ್ನೋದಲ್ಲಿ ಬಳ್ಳಿ ಎಳೀಲಿಕ್ಕೆ ನಿಮಗೆ ಮಂಡೆ ಸಮ ಉಂಟಾ?" ಎಂದರು. ನಾವು ಬಿಡಲಿಲ್ಲ. ಕೊನೆಗೆ, "ಆಯ್ತು, ಈ ಸಲ ನೋಡುವ. ಮರ್ಯಾದೆ ಹೋದ್ರೆ ಮುಂದಿನ ಸಲ ಟೀಮು ನಾನು ಹೇಳಿದ ಹಾಗೆ," ಎಂದು ಷರತ್ತು ಹಾಕಿದರು. ಆಗಲಿ ಎಂದೆ. ನನ್ನ ಕಾಲಿನ ಮೇಲೆ ನನಗೆ ಅಷ್ಟು ನಂಬಿಕೆ.

ನನ್ನ ಪರವಾಗಿ ಗಟ್ಟಿಯಾಗಿ ನಿಂತವರು ಬರ್ಲಿಂಗ್ಟನ್ನಿನ ಒಬ್ಬರು. ವಯಸ್ಸಿನಲ್ಲಿ ದೊಡ್ಡವರು, ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಭಾನುವಾರ ಬಂತೆಂದರೆ ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದು, ನಮ್ಮ ಹಿತ್ತಲಿನ ಹಿಮದಲ್ಲಿ ನನ್ನ ಮುಂದೆಯೇ ನಿಂತು ಎಳೆಯುತ್ತಿದ್ದರು. ಆಮೇಲೆ ಇಬ್ಬರೂ ಒಲೆಯ ಹತ್ತಿರ ನಿಂತು ಬಿಸಿ ಗಂಜಿ ಕುಡಿಯುತ್ತಿದ್ದೆವು. ಇಲ್ಲಿ ನನಗೆ ಒಡಹುಟ್ಟಿದವರು ಯಾರೂ ಇಲ್ಲ. ಇವರಿದ್ದಾರೆ ಎಂದುಕೊಂಡಿದ್ದೆ.

ನಮ್ಮ ಎದುರಾಳಿಗಳು ಬೇರೆ ಯಾರೂ ಅಲ್ಲ, ಥಾರ್ನ್‌ಹಿಲ್ಲಿನಲ್ಲಿ ನಾನು ಕೆಲಸ ಮಾಡುವ ಬೇಕರಿಯ ಹೆಂಗಸರು. ಹಿಟ್ಟಿನ ಮೂಟೆ ಎತ್ತಿ ಎತ್ತಿ ಗಟ್ಟಿಯಾದ ಕೈಗಳು. ಆದರೂ ಗೆಲ್ಲಬಹುದು ಅಂತಿತ್ತು.

ಆ ದಿನ ಮೈನಸ್ ಹದಿನೆಂಟು. ಹಗ್ಗ ಹಾಸಿ ಎಲ್ಲರೂ ನಿಂತಾಗ ಅಧ್ಯಕ್ಷರು ಚೀಲದಿಂದ ಕಾಯಿ ತೆಗೆದರು. ಊರಿನಲ್ಲಿ ಗದ್ದೆಗಿಳಿಯುವ ಮುಂಚೆ ಕಾಯಿ ಒಡೆಯುತ್ತೇವೆ, ಸರಿ. ಇವರು ಎತ್ತಿ ಒಗೆದ ಕಾಯಿ ಹಿಮದಲ್ಲಿ ಬುಸಕ್ಕನೆ ಹೂತುಹೋಯಿತು. ಎಲ್ಲರೂ ನಕ್ಕರು. ಅವರಿಗೆ ಹಟ ಬಂತು. ಕಾರಿನಿಂದ ಟೈರು ಬಿಚ್ಚುವ ಸ್ಪ್ಯಾನರ್ ತಂದು, ಆ ಕಾಯಿಯ ಜೊತೆಗೆ ಇನ್ನೂ ನಾಲ್ಕೈದನ್ನು, ನಾನು ನಿಲ್ಲಬೇಕಾದ ಜಾಗದಲ್ಲೇ ಕುಟ್ಟಿ ಒಡೆದು, ನೀರನ್ನೆಲ್ಲ ಅಲ್ಲೇ ಚೆಲ್ಲಿದರು. ಅಷ್ಟಕ್ಕೇ ಬಿಟ್ಟಿದ್ದರೂ ಬದುಕಿಕೊಳ್ಳುತ್ತಿದ್ದೆವೋ ಏನೋ. ಮೈಕು ಹಿಡಿದು ನಮ್ಮ ಸಂಸ್ಕೃತಿ, ನಮ್ಮ ಮಣ್ಣು, ನಮ್ಮ ಮಾತೆಯರು ಎಂದು ಭಾಷಣ ಶುರು ಮಾಡಿದರು. ಆ ಚಳಿಯಲ್ಲಿ ಭಾಷಣ ಮುಗಿಯುವುದರೊಳಗೆ ನನ್ನ ಕಾಲ ಕೆಳಗಿನ ನೀರು ಗಾಜಾಗಿತ್ತು.

ಸೀಟಿ ಊದಿದ್ದಷ್ಟೇ ಗೊತ್ತು. ಹಿಮ್ಮಡಿ ಊರಿದೆ, ಊರಲಿಲ್ಲ. ಎರಡೂ ಕಾಲು ಒಟ್ಟಿಗೆ ಮುಂದಕ್ಕೆ ಹೋದವು. ಅಂಗಾತ ಬಿದ್ದೆ. ಹಗ್ಗ ನನ್ನ ಬೆನ್ನಿಗೆ ಸುತ್ತಿತ್ತಲ್ಲ, ಬಿದ್ದವಳನ್ನು ಹಾಗೆಯೇ ದರದರ ಎಳೆದುಕೊಂಡು ಹೋಯಿತು. ಮಕ್ಕಳು ಕೇಕೆ ಹಾಕಿದರು. ನಮ್ಮವರಲ್ಲಿ ಇಬ್ಬರು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು.

"ಕೊನೆಯವಳೇ ಜಾರಿದ್ರೆ ಉಳಿದವರು ಎಂತ ಮಾಡ್ಲಿಕ್ಕೆ ಆಗ್ತದೆ?" ಎಂದರು ಅಧ್ಯಕ್ಷರು, ಎಲ್ಲರಿಗೂ ಕೇಳುವ ಹಾಗೆ.

"ಇಲ್ಲಿ ನೋಡಿ, ನಿಮ್ಮ ಕಾಯಿ ನೀರು ಐಸ್ ಆಗಿದೆ," ಎಂದು ನೆಲ ತೋರಿಸಿದೆ. ಅವರು ಬಗ್ಗಿ ನೋಡಲೂ ಇಲ್ಲ. "ಬಿಡ್ತು ಅನ್ನಿ. ಪ್ರಸಾದದ ಮೇಲೆ ತಪ್ಪು ಹೊರಿಸ್ತೀರಾ?" ಎಂದರು. ಪ್ರಸಾದ ಎಂದದ್ದೇ ಉಳಿದವರೆಲ್ಲ ಹಗ್ಗ ಸುತ್ತತೊಡಗಿದರು. ಅಕ್ಕ ನನ್ನ ಕೋಟಿನ ಹಿಮ ಕೊಡವುತ್ತಾ, "ಹೋಗ್ಲಿ ಬಿಡು ಮಾರಾಯ್ತಿ," ಎಂದರು. ಕಾರಿನಲ್ಲಿ ಮಗಳು, "ಅಮ್ಮಾ, ಯೂ ಜಸ್ಟ್ ಸ್ಲಿಪ್ಡ್. ಇಟ್ಸ್ ಓಕೆ," ಎಂದಳು. ಓಕೆಯಂತೆ!

ಆ ವರ್ಷವಿಡೀ ಆ ವಿಡಿಯೋ ಸಂಘದ ವಾಟ್ಸಾಪಿನಲ್ಲಿ ಸುತ್ತಿತು. ಚೌತಿಯ ದಿನ ಆರತಿ ತಟ್ಟೆ ಹಿಡಿದು ಬಂದರೆ, "ಜಾಗ್ರತೆ, ಜಾರೀತು!" ಎಂದು ಯಾರೋ ಕೂಗಿದರು, ಸಭೆಗೆ ಸಭೆಯೇ ನಕ್ಕಿತು. ತಮಾಷೆಯಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೋತದ್ದಕ್ಕಲ್ಲ, ಸೋಲು ಯಾರಿಗಿಲ್ಲ? ನಾನು ಕಾಲು ಸಡಿಲ ಬಿಟ್ಟವಳಲ್ಲ ಎಂದು ಒಬ್ಬರು, ಒಬ್ಬರೇ ಒಬ್ಬರು, ಎಲ್ಲರ ಮುಂದೆ ಹೇಳಲಿ ಎಂದಷ್ಟೇ ಕಾಯುತ್ತಿದ್ದೆ.

ಮರುವರ್ಷ ಜನವರಿಯಲ್ಲಿ ತಂಡದ ಹೆಸರುಗಳು ಬಂದವು. ನನ್ನ ಹೆಸರಿರಲಿಲ್ಲ. ಹಗ್ಗದ ಕೊನೆಗೆ ಅಕ್ಕ. ಫೋನ್ ಮಾಡಿ, "ಅವರೇ ಹೇಳಿದ್ದು, ನಾನು ಎಂತ ಮಾಡ್ಲಿ?" ಎಂದರು. ಬೇಡ ಎನ್ನಬಹುದಿತ್ತಲ್ಲ! ಮರುದಿನವೇ ಬೇಕರಿಯವರ ತಂಡ ಸೇರಿದೆ. ಬ್ರೆಡ್ಡಿನ ಒಲೆಗಳ ಮುಂದೆ ನಿಂತು ಅವರಿಗೆಲ್ಲ 'ಐಲೇಸಾ' ಎಂದು ಕೂಗಲು ಕಲಿಸಿದೆ. ಅವರು ಯಾವ ಪ್ರಶ್ನೆಯನ್ನೂ ಕೇಳದೆ ನನ್ನನ್ನು ಹಗ್ಗದ ಕೊನೆಗೆ ನಿಲ್ಲಿಸಿದರು.

2018ರ ಹಬ್ಬದ ದಿನವೂ ಅದೇ ಚಳಿ. ನಾನು ಈಚೆ ಕೊನೆ, ಅಕ್ಕ ಆಚೆ ಕೊನೆ. ಅಧ್ಯಕ್ಷರು ಸ್ಪ್ಯಾನರ್ ಸಮೇತ ಬಂದರು. ಈ ಸಲ ಅದು ಸಂಪ್ರದಾಯವೇ ಆಗಿಬಿಟ್ಟಿತ್ತು. ಅಕ್ಕನ ಕಾಲಬುಡದಲ್ಲೇ ಕಾಯಿ ಕುಟ್ಟಿದರು, ನೀರು ಚೆಲ್ಲಿದರು, ಮೈಕು ಹಿಡಿದರು.

ಸುಮ್ಮನಿದ್ದರೆ ಆಗುತ್ತಿತ್ತು. ಅಕ್ಕನೂ ಬೀಳುತ್ತಿದ್ದರು, ಹಿಂದಿನ ವರ್ಷ ನಾನು ನೆಲ ತೋರಿಸಿ ಹೇಳಿದ್ದು ಎಲ್ಲರ ಕಣ್ಣಮುಂದೆ ನಿಜವಾಗುತ್ತಿತ್ತು. ಹೋಗಿ ಎಚ್ಚರಿಸುವುದು ಬೇಡವೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ಐವತ್ತು ದಾಟಿದ ಹೆಂಗಸು, ಹಿಂದಿನ ವರ್ಷ ನನಗೇ ವಾರಗಟ್ಟಲೆ ಸೊಂಟ ಹಿಡಿದಿತ್ತು. ಹಗ್ಗ ಕೆಳಗಿಟ್ಟು ಆಚೆ ಕೊನೆಗೆ ನಡೆದೆ.

"ಅಕ್ಕಾ, ಈ ಐಸನ್ನು ಹಿಮ್ಮಡಿಯಲ್ಲಿ ಕುಟ್ಟಿ ಪುಡಿ ಮಾಡಿ. ಆಮೇಲೆ ಹಗ್ಗ ಸ್ವಲ್ಪ ಉದ್ದ ಬಿಟ್ಟುಕೊಂಡು ಹಿಂದೆ ನಿಲ್ಲಿ."

ಅಕ್ಕ ಉತ್ತರಿಸುವ ಮೊದಲೇ ಮೈಕಿನಲ್ಲಿ ಅಧ್ಯಕ್ಷರ ದನಿ ಬಂತು. "ಎದುರು ಟೀಮಿನವರು ಇಲ್ಲಿ ಎಂತ ಮಾಡುದು? ನಮ್ಮವರನ್ನೂ ಜಾರಿಸ್ಲಿಕ್ಕೆ ಬಂದ್ರಾ?" ಮತ್ತೆ ಅದೇ ನಗು. ನಾನು ತಿರುಗಿ ನನ್ನ ಜಾಗಕ್ಕೆ ಬಂದೆ. ಭಾಷಣ ನಡೆಯುತ್ತಿದ್ದಾಗ ಅಕ್ಕ ತಲೆತಗ್ಗಿಸಿಕೊಂಡು ಹಿಮ್ಮಡಿಯಿಂದ ಐಸು ಕುಟ್ಟುತ್ತಿದ್ದುದನ್ನು ಕಣ್ಣಾರೆ ಕಂಡೆ. ಕುಟ್ಟಿದರು, ಹಿಂದೆ ಸರಿದು ನಿಂತರು.

ಅಕ್ಕನ ತಂಡದವರೇ ಗೆದ್ದರು. ಚೆನ್ನಾಗಿಯೇ ಎಳೆದರು, ಅದರಲ್ಲಿ ಎರಡು ಮಾತಿಲ್ಲ. ಬೇಕರಿಯವರು ನನ್ನ ಬೆನ್ನು ತಟ್ಟಿ ಬಿಸಿ ಚಾಕೊಲೇಟ್ ಕುಡಿಯಲು ಹೋದರು. ನಾನು ಹೋಗಲಿಲ್ಲ, ಅಲ್ಲೇ ನಿಂತೆ. ಈಗಲಾದರೂ ಅಕ್ಕ ಹೇಳುತ್ತಾರೆ ಎಂದು.

"ನೋಡಿದ್ರಲ್ಲ, ಕೊನೆಯಲ್ಲಿ ಸರಿಯಾದವರು ನಿಂತ್ರೆ ಹೀಗೆ," ಎಂದ ಅಧ್ಯಕ್ಷರು ಮೈಕನ್ನು ಅಕ್ಕನ ಕೈಗೆ ಕೊಟ್ಟರು. "ಗುಟ್ಟು ಎಂತದು, ಹೇಳಿ."

ಅಕ್ಕ ನನ್ನ ಕಡೆ ನೋಡಿದರು. ನಾನೂ ನೋಡಿದೆ. "ಎಲ್ಲ ದೇವರ ದಯೆ," ಎಂದರು ಅಕ್ಕ. "ಮತ್ತೆ ಅಧ್ಯಕ್ಷರ ಪ್ರೋತ್ಸಾಹ." ಚಪ್ಪಾಳೆ ಬಿತ್ತು.

ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಫೋನ್ ಬಂತು.

"ಬೇಜಾರು ಮಾಡ್ಬೇಡ," ಎಂದರು ಅಕ್ಕ. "ನೀನು ಹೇಳಿದ್ದು ಸರಿ ಇತ್ತು. ಇಲ್ಲದಿದ್ರೆ ನಾನೂ ಬೀಳ್ತಿದ್ದೆ."

"ಅದನ್ನು ಅಲ್ಲಿ ಹೇಳ್ಬಹುದಿತ್ತಲ್ಲ ಅಕ್ಕಾ?"

"ಅಷ್ಟು ಜನರ ಎದುರು ಹೇಗೆ ಹೇಳುದು ಮಾರಾಯ್ತಿ?"

"ನಾನು ಬಿದ್ದದ್ದೂ ಅಷ್ಟೇ ಜನರ ಎದುರು," ಎಂದೆ. ಫೋನ್ ಇಟ್ಟೆ.